ಊಟ ಆತೇನ್ರಿ ಎಂದ ಮೋಟರ್

ನಡುರಾತ್ರಿ ಬುರ್ರ್ ಎಂದು ಸಣ್ಣ ಸದ್ದಾಯಿತು. ನನ್ನ ನಿದ್ದೆ ಮೊದಲೇ ತೆಳು. ಅಡುಗೆಮನೆಯಲ್ಲಿ ಮುಚ್ಚಳ ಸರಿದರೂ ಎದ್ದು ಕೂರುವವಳು ನಾನು. ಕಿವಿಗೊಟ್ಟೆ. ಸದ್ದು ಪಕ್ಕದ ಮನೆಯದು. ಪಕ್ಕೀರಪ್ಪಣ್ಣ ತನ್ನ ಮೊಬೈಲನ್ನು ಸ್ಟೀಲಿನ ತಾಟಿನಲ್ಲಿಟ್ಟು ಮಲಗುತ್ತಾನೆ. ಮೊಬೈಲು ಅದುರಿದರೆ ತಾಟೂ ಅದುರಿ ತನಗೆ ಎಚ್ಚರವಾಗಲಿ ಎಂಬುದು ಅವನ ಲೆಕ್ಕ. ಎಚ್ಚರವಾಗುವುದು ನನಗೆ. ನಮ್ಮ ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಮೇಲೆ ತಗಡಿಗೆ ಪೂರ್ತಿ ಮುಟ್ಟಿಲ್ಲ.

ತಾಟು ಸುಮ್ಮನಾಯಿತು. ಆಮೇಲೆ ಒಬ್ಬ ಹೆಂಗಸಿನ ಧ್ವನಿ, ಬಲು ನಯವಾಗಿ, ಕೇಳಿತು:

"ನಮಸ್ಕಾರ್ರಿ. ಊಟ ಆತೇನ್ರಿ?"

"ಆತ್ರಿ," ಎಂದ ಪಕ್ಕೀರಪ್ಪಣ್ಣ. ಸ್ವಲ್ಪ ತಡೆದು, "ನಿಮ್ದು?" ಎಂದ.

ನಾನು ಹಾಸಿಗೆಯಲ್ಲಿ ಬಾಯಿ ಮುಚ್ಚಿಕೊಂಡೇ ಮಲಗಿದ್ದೆ. ಆದರೂ ಖಾತ್ರಿಗಾಗಿ ತುಟಿ ಮುಟ್ಟಿ ನೋಡಿಕೊಂಡೆ. ಏಕೆಂದರೆ ಆ ಹೆಂಗಸಿನ ಧ್ವನಿ ನನ್ನದಾಗಿತ್ತು.

"ಯಾರದು?" ಇದು ಅವನ ಹೆಂಡತಿ ಹನುಮಂತಕ್ಕ.

"ಮೋಟರ್," ಎಂದ ಪಕ್ಕೀರಪ್ಪಣ್ಣ.

ಹತ್ತು ಊರು ಹುಡುಕಿದರೂ ಇಂಥ ಸತ್ಯವಂತ ಸಿಗಲಿಕ್ಕಿಲ್ಲ. ಆದರೆ ಆ ಹೊತ್ತಿಗೆ ಅದಕ್ಕಿಂತ ಕೆಟ್ಟದಾದ ಉತ್ತರವೂ ಇನ್ನೊಂದು ಸಿಗುತ್ತಿರಲಿಲ್ಲ. ಸ್ಟೀಲಿನ ತಾಟು ಎದುರಿನ ಗೋಡೆಗೆ ಬಡಿದ ಸದ್ದಾಯಿತು. ನನ್ನ ಪಕ್ಕದಲ್ಲಿ ನನ್ನ ಗಂಡ ಮಗ್ಗುಲಾಗಿ, "ಕರೆಂಟ್ ಬಂತೇನು?" ಎಂದು ನಿದ್ದೆಗಣ್ಣಿನಲ್ಲೇ ಸಂತೋಷಪಟ್ಟು ಮತ್ತೆ ಮಲಗಿದರು.

ಇದಕ್ಕೆಲ್ಲ ಕಾರಣ ಅವರೇ. ಕಳಕೇಶ ಎಂದು ಅವರ ಹೆಸರು. ನಮ್ಮೂರು ಇರಕಲ್ಲಗಡದ ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತುವುದರಲ್ಲಿ ಅವರ ಕೈ ಎಂದೂ ತಪ್ಪಿಲ್ಲ. ಉಳಿದದ್ದರಲ್ಲಿ ತಪ್ಪುತ್ತದೆ. ಕುಷ್ಟಗಿಗೆ ಹೋಗಬೇಕಾದವರು ಯಲಬುರ್ಗಾದ ಬಸ್ಸು ಹತ್ತಿ, ಇಳಿದ ಮೇಲೆ ನಾಚಿಕೆಯಾಗಬಾರದೆಂದು ಅಲ್ಲಿಯೇ ಯಾರದೋ ಮೋಟರ್ ರಿಪೇರಿ ಮಾಡಿ ಬಂದಿದ್ದರು. ಹೋದ ಕೆಲಸ ಏನಾಯಿತೆಂದು ಕೇಳಿದರೆ, "ಯಾವ ಕೆಲಸ?" ಎಂದಿದ್ದರು.

ಗಂಗಾವತಿಯಲ್ಲಿ ಪ್ರವೀಣಕುಮಾರ ಎಂಬ ಎಂಜಿನಿಯರು ಮೊಬೈಲ್ ಸ್ಟಾರ್ಟರ್ ತಯಾರಿಸುತ್ತಾರೆ. ಹೊಲದಲ್ಲಿ ಬೋರಿನ ಪಕ್ಕ ಒಂದು ಡಬ್ಬಿ, ಡಬ್ಬಿಯೊಳಗೆ ಒಂದು ಸಿಮ್ಮು. ಕರೆಂಟು ಬಂದ ಕೂಡಲೇ ಡಬ್ಬಿ ತಾನಾಗಿ ರೈತನಿಗೆ ಫೋನು ಮಾಡುತ್ತದೆ. ಒಂದು ಒತ್ತಿದರೆ ಮೋಟರ್ ಚಾಲೂ, ಎರಡು ಒತ್ತಿದರೆ ಬಂದ್. ರಾತ್ರಿ ಹಾವು ಚೇಳು ತುಳಿಯುತ್ತ ಹೊಲಕ್ಕೆ ಓಡುವುದು ತಪ್ಪುತ್ತದೆ. ಊರೂರಲ್ಲಿ ಈ ಡಬ್ಬಿ ಕೂರಿಸುವವರಿಗೆಲ್ಲ ಅವರು ಕೊಪ್ಪಳದಲ್ಲಿ ಒಂದು ತರಬೇತಿ ಇಟ್ಟರು. ನನ್ನ ಗಂಡ ಸರಿಯಾದ ಬಸ್ಸನ್ನೇ ಹತ್ತಿ ಹೋಗಿ ಬಂದರು. ನಾನು ಆಗಲೇ ಹೆದರಬೇಕಿತ್ತು.

"ಇನ್ನ ಮ್ಯಾಲೆ ಎಲ್ಲಾ ಯೂಜರ್ ಎಕ್ಸ್‌ಪಿರೆನ್ಸು!" ಎಂದರು, ಚಪ್ಪಲಿ ಬಿಡುವ ಮೊದಲೇ.

"ಏನ್ ಎಕ್ಸ್‌ಪೈರಿ ಆತೋ?" ಎಂದರು ನನ್ನ ಅತ್ತೆ ಪಾರಮ್ಮ. ಆ ಸದ್ದಿನ ಪದ ಅವರಿಗೆ ಗೊತ್ತಿದ್ದದ್ದು ಔಷಧಿ ಅಂಗಡಿಯಿಂದ ಮಾತ್ರ.

"ಎಕ್ಸ್‌ಪೈರಿ ಅಲ್ಲಬೇ, ಎಕ್ಸ್‌ಪಿರೆನ್ಸು. ಯೂಜರ್ ಅಂದ್ರ ಬಳಸಾವ. ಯಾವ ಸಾಮಾನು ಮಾಡಿದ್ರೂ ಬಳಸಾವಗ ತ್ರಾಸ ಆಗಬಾರದು."

"ಬಳಸಾವ ಎಕ್ಸ್‌ಪೈರಿ ಆಗಬಾರದು ಅನ್ನು. ಅದು ಖರೇ ಐತಿ ಬಿಡು," ಎಂದು ಅತ್ತೆ ಅಡಕೆ ಕತ್ತರಿಸಿದರು.

ತರಬೇತಿಯಲ್ಲಿ ಕಲಿತ ತತ್ವಗಳನ್ನು ಅವರು ಮೊದಲು ಮನೆಯ ಮೇಲೆ ಪ್ರಯೋಗಿಸಿದರು. ತಪ್ಪು ಆಗುವ ಮೊದಲೇ ತಡೆಯಬೇಕು ಎಂಬುದು ಒಂದು ತತ್ವ. ಅದರಂತೆ ಸಕ್ಕರೆ ಡಬ್ಬಿಗೆ "ಇದು ಉಪ್ಪಲ್ಲ" ಎಂದು ಚೀಟಿ ಅಂಟಿಸಿದರು. ಅಲ್ಲಿಯವರೆಗೆ ನಾನು ಎಂದೂ ತಪ್ಪಿದವಳಲ್ಲ. ಅಂದು ಅವಸರದಲ್ಲಿ "ಉಪ್ಪ" ಎಂಬಷ್ಟನ್ನೇ ಓದಿ ಸಾರಿಗೆ ಸುರಿದೆ. ಅತ್ತೆಗೆ ಓದು ಬಾರದು, ಅವರೊಬ್ಬರೇ ತಪ್ಪಲಿಲ್ಲ.

ಒಳಗೆ ಏನು ನಡೆದಿದೆ ಎಂಬುದು ಹೊರಗಿದ್ದವರಿಗೆ ಸದಾ ತಿಳಿಯುತ್ತಿರಬೇಕು ಎಂಬುದು ಇನ್ನೊಂದು. ಬಚ್ಚಲಮನೆ ಬಾಗಿಲಿಗೆ ಹಲಗೆ ನೇತುಹಾಕಿದರು. ಒಂದು ಬದಿ "ಒಳಗ ಮಂದಿ ಅದಾರ", ತಿರುಗಿಸಿದರೆ "ಖಾಲಿ ಐತಿ". ಮರುದಿನ ಬೆಳಿಗ್ಗೆ ಮೊದಲು ಸ್ನಾನ ಮಾಡಿದವರು ಅವರೇ. ಹಲಗೆ ತಿರುಗಿಸುವುದನ್ನು ಮರೆತು ಅಂಗಡಿಗೆ ಹೋದರು. ಕಾಸಿದ ನೀರು ಆರುವ ತನಕ ನಾನು, ಅತ್ತೆ ಖಾಲಿ ಬಚ್ಚಲಮನೆಯ ಮುಂದೆ ಮರ್ಯಾದೆಯಿಂದ ನಿಂತಿದ್ದೆವು. ಕಡೆಗೆ ಅತ್ತೆಯೇ ಬಾಗಿಲು ಬಡಿದು, "ಒಳಗ ಯಾರದೀರೋ? ಹೊರಗ ಬರ್ತೀರೋ, ನಾವ ಒಳಗ ಬರೂಣೋ?" ಎಂದು ಕೂಗಿದರು.

ಇಷ್ಟಕ್ಕೇ ಮುಗಿದಿದ್ದರೆ ಸಂಸಾರ ನಡೆಯುತ್ತಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ತತ್ವ ಒಂದಿತ್ತು: ಯಂತ್ರ ಬಳಸುವವನ ಮಾತಿನಲ್ಲೇ ಮಾತಾಡಬೇಕು. ಕಂಪನಿಯ ಡಬ್ಬಿ, "ತಮ್ಮ ಪಂಪ್‌ಸೆಟ್ಟಿಗೆ ವಿದ್ಯುತ್ ಲಭ್ಯವಾಗಿದೆ, ಸೂಕ್ತ ಆಯ್ಕೆಯನ್ನು ಒತ್ತಿರಿ" ಎನ್ನುತ್ತಿತ್ತು. ಊರ ಜನ ಅದನ್ನು ಬ್ಯಾಂಕಿನವರ ಫೋನೆಂದು ತಿಳಿದು ಕೂಡಲೇ ಕತ್ತರಿಸುತ್ತಿದ್ದರು.

"ನಮ್ಮ ಮಂದಿ ಊಟ ಆತೇನ್ರಿ ಅಂತ ಕೇಳದವ್ರ ಮಾತು ಕೇಳತಾರೇನು?" ಎಂದರು ನನ್ನ ಗಂಡ. ಒಂದು ರಟ್ಟಿನ ಮೇಲೆ ಹೊಸ ಮಾತು ಬರೆದರು. ಮೊದಲು ನಮಸ್ಕಾರ, ಆಮೇಲೆ ಊಟದ ವಿಚಾರ, ಆಮೇಲೆ ಸ್ವಲ್ಪ ಹೊತ್ತು ಮೌನ, ಎದುರಿನವರು ಉತ್ತರ ಕೊಡಲಿ ಎಂದು. ಆಮೇಲೆ, "ಕರೆಂಟ್ ಬಂದೈತ್ರಿ. ಚಾಲೂ ಆಗ್ಲೇನ್ರಿ? ಹೌದಂದ್ರ ಒಂದು ಒತ್ರಿ, ಬ್ಯಾಡಂದ್ರ ಎರಡು." ಕೊನೆಗೆ "ಬರ್ತೀನ್ರಿ." ಹೋಗುವಾಗ ಹೋಗುತ್ತೇನೆ ಎನ್ನುವ ಪದ್ಧತಿ ನಮ್ಮಲ್ಲಿಲ್ಲ, ಮೋಟರಿಗಾದರೂ ಅಷ್ಟು ತಿಳಿಯಬೇಡವೇ?

ಧ್ವನಿ ನನ್ನದು. ಹೊರಗಿನ ಸದ್ದು ಬರಬಾರದೆಂದು ನನಗೆ ಎರಡು ಕೌದಿ ಹೊದಿಸಿ ಕೂರಿಸಿ ಮೊಬೈಲು ಕೈಗೆ ಕೊಟ್ಟರು. ನಾನು ಬಿ.ಎ. ಓದಿದವಳು, ಒಂದು ಪದ ಆಡುವ ಮೊದಲು ಎರಡು ಸಲ ನೋಡುತ್ತೇನೆ. ಮೋಟರ್ ಕಾದಾಗ ಹೇಳಬೇಕಾದ ಮಾತು ಹೀಗಿತ್ತು: "ಮೈ ಭಾಳ ಬಿಸಿ ಆಗೇತ್ರಿ. ಒಂದೀಟು ಹೊತ್ತು ಬಿಡ್ರಿ."

"ಮೋಟರಿಗೆ ಮೈ ಅಂತಾರೇನ್ರಿ?" ಎಂದು ಕೌದಿಯೊಳಗಿಂದ ಕೇಳಿದೆ.

"ಮೋಟರಿನ ಬಾಡಿ ಬಿಸಿ ಆಗೇತಿ ಅಂತ ಎಲ್ಲಾರೂ ಅಂತಾರ. ನಾ ಅದನ್ನ ಕನ್ನಡದಾಗ ಬರದೀನಿ."

ಸರಿಯೆನಿಸಿತು. ಆಗ ನನ್ನ ಚಿಂತೆಯೆಲ್ಲ "ಒತ್ರಿ" ಎನ್ನಬೇಕೋ "ಒತ್ತಿರಿ" ಎನ್ನಬೇಕೋ ಎಂಬುದರ ಮೇಲಿತ್ತು. ಚಿಂತೆ ಮಾಡುವವರ ಪಾಡೇ ಇದು, ಯಾವಾಗಲೂ ಪಕ್ಕದ ಪದದ ಬಗ್ಗೆ ಚಿಂತಿಸುತ್ತಿರುತ್ತಾರೆ. ಸೊಸೆಯ ಧ್ವನಿ ಊರ ಗಂಡಸರ ಮೊಬೈಲಿನಲ್ಲಿ ಓಡಾಡುವುದು ಅತ್ತೆಗೆ ಹಿಡಿಸದು ಎಂದು ವಿಷಯವನ್ನು ನಮ್ಮಿಬ್ಬರ ಮತ್ತು ಆ ಧ್ವನಿಯನ್ನು ಡಬ್ಬಿಗಳ ಕಾರ್ಡಿಗೆ ತುಂಬಿಕೊಟ್ಟ ಪ್ರವೀಣಕುಮಾರರ ನಡುವೆಯೇ ಇಟ್ಟುಕೊಂಡೆವು.

ಡಬ್ಬಿ ಕೂರಿಸಿದ ವಾರ ತ್ರೀಫೇಸ್ ಕರೆಂಟು ಹಗಲು ಬರುತ್ತಿತ್ತು. ಗಂಡಸರು ಹೊಲದಲ್ಲೇ ನಿಂತು ಫೋನು ಎತ್ತಿ, ಒಂದು ಒತ್ತಿ, ಖುಷಿಯಾಗಿದ್ದರು. ಪಾಳಿ ಬದಲಾಗಿ ರಾತ್ರಿಗೆ ಬಂದದ್ದು ಆ ತಾಟು ಹಾರಿದ ದಿನವೇ ಮೊದಲು.

ಬೆಳಿಗ್ಗೆ ಹನುಮಂತಕ್ಕ ನಮ್ಮ ಮನೆಗೆ ಬರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅತ್ತೆಯ ಕಣ್ಣು ತಪ್ಪಿಸಿ ನನ್ನ ಪಾಲಿನ ರೊಟ್ಟಿಯನ್ನೂ ಬಡಿದು ಗೋಡೆಯ ಮೇಲಿನ ಸಂದಿಯಿಂದ ದಾಟಿಸುತ್ತಿದ್ದವಳು ಅವಳು. ಇರಕಲ್ಲಗಡದಲ್ಲಿ ನನಗಿರುವ ಗೆಳತಿ ಅವಳೊಬ್ಬಳೇ. ಅವಳ ಮನೆಯಲ್ಲಿ ತಾಟು ಹಾರಿದ್ದು ನನ್ನ ಧ್ವನಿಗೆ ಎಂಬುದನ್ನು ನೆನೆದು ಗೋಡೆಯ ಸಂದಿಯನ್ನೇ ಮತ್ತೆ ಮತ್ತೆ ನೋಡಿದೆ.

ಅವಳ ಬದಲಿಗೆ ಬಂದವನು ಲೈನ್‌ಮನ್ ಖಲಂದರ.

"ಅಕ್ಕಾರ, ಏನ್ ಮಾಡ್ಯಾರ್ರಿ ನಮ್ಮ ಕಳಕೇಶಣ್ಣ? ರಾತ್ರಿ ಲೈನ್ ನೋಡಕೋತ ಹೊಂಟಿದ್ದೆ. ಅಂಥಾ ಹೊತ್ತಿನ್ಯಾಗ ಊರಾಗ ರೊಟ್ಟಿ ಬಡಿಯೋ ಸಪ್ಪಳ! ಯಾವ ಹಬ್ಬರಿ ಇವತ್ತು ಅಂತ ಗವಿಸಿದ್ದಪ್ಪನ್ನ ಕೇಳಿದೆ. ಹಬ್ಬಲ್ಲೋ, ಮೋಟರ್ ಊಟ ಆತೇನು ಅಂತ ಕೇಳತು, ಆಗಿರಲಿಲ್ಲ, ಅದಕ್ಕ ಎರಡು ಒತ್ತಿದೆ, ಚಾಲೂ ಆಗಲಿಲ್ಲ ಅಂದ. ಹೆಂಡ್ತಿನ್ನ ಎಬ್ಬಿಸಿ, ರೊಟ್ಟಿ ಮಾಡ್ಸಿ, ಉಂಡು, ಕೈ ತೊಳಕೊಂಡು, ತಿರುಗಿ ಫೋನ್ ಹಚ್ಚಿ ಒಂದು ಒತ್ಯಾನ. ಗುಡುಗುಡು ಚಾಲೂ ಆತಂತ. ಈ ಮೋಟರ್ ಉಂಡವರಿಗಷ್ಟ ನೀರ ಕೊಡತೈತಿ ಅಂತ ಊರತುಂಬ ಹೇಳಕೋತ ಹೊಂಟಾನ!"

ನನ್ನ ಗಂಡ ಚಹಾದ ಲೋಟ ಕೆಳಗಿಟ್ಟರು. "ಸುಮ್ಮನ ಆತು ಅಂತ ಒಂದು ಒತ್ತಬೇಕಿಲ್ಲೇನೋ?"

"ನೀರಿನ ಮುಂದ ಸುಳ್ಳ ಹೇಳತಾರೇನ್ರಿ?" ಎಂದ ಖಲಂದರ, ನಿಜವಾಗಿಯೂ ನೊಂದು. "ಇನ್ನ ಆ ಮಾರೆಪ್ಪನ ಕಥಿ ಕೇಳಬ್ಯಾಡ್ರಿ. ಗಿಣಿಗೇರ್ಯಾಗ ಫ್ಯಾಕ್ಟರಿ ನೈಟ್ ಡ್ಯೂಟಿ ಮ್ಯಾಲಿದ್ದ. ಕಿವಿ ಮಂದ ಅಂತ ಸ್ಪೀಕರ್ ಹಚ್ಚ್ಯಾನ. ಅಷ್ಟೂ ಮಂದಿ ಮುಂದ, ಮೈ ಭಾಳ ಬಿಸಿ ಆಗೇತ್ರಿ ಅಂದಾಳಂತ! ಈಗ ಎಲ್ಲಾರೂ, ಆಕಿ ಮೈ ತಣ್ಣಗಾತೇನಪಾ ಮಾರೆಪ್ಪ ಅಂತ ಕೇಳಾಕತ್ತಾರ. ಡ್ಯೂಟಿ ಮುಗಿಸಿದಾವ ಮನಿಗೆ ಹೋಗಿಲ್ಲ, ಬಸ್‌ಸ್ಟ್ಯಾಂಡಿನ್ಯಾಗ ಕುಂತಾನ."

ನಾನು ಒಲೆಯ ಮುಂದೆ ಕೂತು ಬೆಂಕಿಯನ್ನು ಊದಿದೆ. ಒಲೆ ಗ್ಯಾಸಿನದು ಎಂಬುದು ಆಮೇಲೆ ನೆನಪಾಯಿತು.

ಮಧ್ಯಾಹ್ನ ಹನುಮಂತಕ್ಕ ಬಂದಳು. ಕಣ್ಣು ಊದಿದ್ದವು. ಸೆರಗಿನ ತುದಿಯಲ್ಲಿ ಗಂಡನ ಮೊಬೈಲನ್ನು ಚೇಳು ಹಿಡಿದವರಂತೆ ಹಿಡಿದಿದ್ದಳು.

"ಗೀತಾ, ನೀ ಓದಿದಾಕಿ. ಒಂದು ಕೆಲಸ ಮಾಡು. ಆಕಿಗೆ ಫೋನ್ ಹಚ್ಚಿ ಬೈ."

"ನಾನಾ?"

"ನನಗೂ ಬೈಯಾಕ ಬರ್ತೈತಿ. ಆದ್ರ ಆಕಿ ಭಾಳ ನಯ ಮಾತಾಡ್ತಾಳ. ನಯ ಮಾತಾಡೋರಿಗೆ ನಯದಾಗ ಬೈಬೇಕು. ಅದು ನಿನಗ ಬರ್ತೈತಿ."

"ಅಕ್ಕಾ, ಅದು ಖರೇನ ಮೋಟರ್ ಇರಬಹುದು…"

"ನೀನೂ ಹಂಗ ಅಂತೀ? ಮೋಟರ್ ಊಟ ಆತೇನ್ರಿ ಅಂತೈತೇನು? ಹೋಗ್ಲಿ ಬಿಡು, ಮೋಟರಿಗೆ ಯಾರರ 'ನಿಮ್ದು?' ಅಂತಾರೇನು?"

ಹಚ್ಚದೆ ಗತಿಯಿರಲಿಲ್ಲ. ಒಮ್ಮೆ ರಿಂಗಾಗಿ ಡಬ್ಬಿ ಫೋನೆತ್ತಿತು.

"ನಮಸ್ಕಾರ್ರಿ. ಊಟ ಆತೇನ್ರಿ?" ಎಂದೆ ನಾನು ಮೊಬೈಲಿನಲ್ಲಿ.

"ನೋಡ್ರಿ, ನೀವು ಹಿಂಗೆಲ್ಲಾ ಮಾಡೂದು ಸರಿಯಲ್ರಿ," ಎಂದೆ ನಾನು ಮೊಬೈಲಿನ ಹೊರಗೆ. ಎರಡು ಧ್ವನಿಗೂ ಹೋಲಿಕೆ ಬರಬಾರದೆಂದು ಗಂಟಲು ಬಿಗಿದು ಸಣ್ಣಗೆ ಮಾತಾಡಿದೆ.

"ಯಾಕ, ಗಂಟಲಿಗೆ ಏನ್ ಬಡೀತು ನಿನಗ?" ಎಂದರು ಒಳಗಿನಿಂದ ಅತ್ತೆ.

"ನೀವು ಒತ್ತಿದ್ದು ತಿಳೀಲಿಲ್ರಿ. ಇನ್ನೊಮ್ಮೆ ಒತ್ರಿ," ಎಂದಿತು ಡಬ್ಬಿ.

"ಏನ್ ಒತ್ತಬೇಕಂತ ಆಕಿಗೆ?" ಹನುಮಂತಕ್ಕ ಮೊಬೈಲು ಕಸಿದುಕೊಂಡಳು. "ಕುತ್ತಿಗಿ ಒತ್ತತೀನಿ ಬಾ ನಿಂದು! ಯಾವೂರಾಕಿ ನೀ? ಯಾರ ಮಗಳು?"

"ತಪ್ಪಾದ್ರ ಚಿಂತಿ ಬ್ಯಾಡ್ರಿ. ಇನ್ನೊಮ್ಮೆ ಮಾಡ್ರಿ."

ಬಳಸುವವನು ಎಷ್ಟೇ ತಪ್ಪಿದರೂ ಯಂತ್ರ ಅವನನ್ನು ದೂರಬಾರದು ಎಂಬುದು ಕೊಪ್ಪಳದ ಇನ್ನೊಂದು ತತ್ವ. ಹನುಮಂತಕ್ಕ ತನ್ನ ತವರಿನ ಕಡೆಯ ಬೈಗುಳವನ್ನೆಲ್ಲ ಖರ್ಚು ಮಾಡಿದಳು. ಡಬ್ಬಿ ಒಂದಕ್ಕೂ ಸಿಟ್ಟಾಗಲಿಲ್ಲ. ಅತ್ತೆ ಹೊರಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

"ಯಾರ ಮಗಳೋ ಏನೋ, ಧ್ವನಿ ಏನ ಛಲೋ ಐತಿ! ಎಷ್ಟ ಬೈದ್ರೂ ತಾಳಕೋತಾಳ. ನಮ್ಮ ಮನ್ಯಾಗೂ ಐತಿ ಒಂದು, ಬಾಯಿ ತಗದ್ರ ಕಾಗಿ."

"ಊಟ ಆತೇನ್ರಿ?" ಎಂದು ಡಬ್ಬಿ ಮೊದಲಿನಿಂದ ಶುರು ಮಾಡಿತು. ಕೇಳಿ, ಉತ್ತರಕ್ಕಾಗಿ ಸುಮ್ಮನೆ ಕಾಯಿತು.

ಹನುಮಂತಕ್ಕನ ಧ್ವನಿ ಇಳಿಯಿತು. "ಇಲ್ಲ," ಎಂದಳು ಮೊಬೈಲಿಗೆ. "ನಿನ್ನಿ ರಾತ್ರಿಯಿಂದ ಇಲ್ಲ." ನನ್ನತ್ತ ತಿರುಗಿದಳು. "ಗೀತಾ, ಆಕಿ ಯಾರರ ಇರಲಿ. ನಾ ಈ ಮನಿಗೆ ಬಂದಾಗಿಂದ ಇವ ಒಂದ ದಿನ ನನಗ 'ಉಂಡೀಯೇನ' ಅಂದಿಲ್ಲ. ತಾಟ ಮುಂದಿಟ್ರ ಉಣ್ಣತಾನ, ಎದ್ದು ಹೋಗತಾನ. ಮಾತು ಕಮ್ಮಿ ಮನಶ್ಯಾ, ಕೇಳಾಕ ಬರೂದಿಲ್ಲ ಅಂತ ತಿಳಕೊಂಡಿದ್ದೆ. ಆಕಿಗೆ ಅರ್ಧ ನಿದ್ದ್ಯಾಗ 'ನಿಮ್ದು?' ಅಂದ. ಬರ್ತೈತಿ ಇವಗ. ಬರ್ತೈತಿ ಅಂದಂಗಾತು."

ಹೇಳಿಬಿಡಬೇಕು ಎಂದುಕೊಂಡೆ. ಯಾವ ಪದದಿಂದ ಶುರು ಮಾಡಲಿ ಎಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡ ಊಟಕ್ಕೆಂದು ಒಳಗೆ ಬಂದವರು ಎಲ್ಲವನ್ನೂ ಕೇಳಿಸಿಕೊಂಡು, ಬಳಸುವವರಿಂದ ಏನನ್ನೂ ಮುಚ್ಚಿಡಬಾರದು ಎಂಬ ತತ್ವ ನೆನಪಾಗಿ, ಎದೆ ಸೆಟೆದು ನಿಂತರು.

"ಅಕ್ಕಾ, ನೀವು ಇನ್ಯಾರನ್ನೋ ಅನಬ್ಯಾಡ್ರಿ. ಆಕಿ ಬ್ಯಾರೆ ಯಾರೂ ಅಲ್ಲ, ನಮ್ಮ ಗೀತಾ!"

"ಬರ್ತೀನ್ರಿ," ಎಂದು ಡಬ್ಬಿ ಫೋನಿಟ್ಟಿತು. ಬರುತ್ತೇನೆಂದು ಹೋಗುವ ಅವಕಾಶ ನನಗಿರಲಿಲ್ಲ.

"ನೀನಾ?" ಎಂದಳು ಹನುಮಂತಕ್ಕ.

ವಿವರ ಸಾಲದೆಂದು ನನ್ನ ಗಂಡನಿಗೆ ತೋರಿತು. "ನಾನ ಮಾಡ್ಸೀನ್ರಿ ಅಕ್ಕಾ! ನಿಮ್ಮ ಮನಿಯವ್ರಿಗಷ್ಟ ಅಲ್ಲ, ಊರಾಗ ಎಲ್ಲಾ ಗಂಡಸ್ರಿಗೂ ಈಕೀನ ಮಾಡ್ತಾಳ. ರಾತ್ರಿ ಕರೆಂಟ್ ಬಂದ ಕೂಡ್ಲೆ."

ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು. ಹನುಮಂತಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆಯ ಬಸ್ಸಿಗೆ ಅವಳು ಕುಷ್ಟಗಿಗೆ, ತಮ್ಮನ ಮನೆಗೆ ಹೊರಡುತ್ತಾಳೆಂಬ ಸುದ್ದಿ ಗೋಡೆಯ ಸಂದಿಯಿಂದಲೇ ಬಂತು. ಟ್ರಂಕು ಎಳೆದ ಸದ್ದು, ಬೀಗ ಹುಡುಕಿದ ಸದ್ದು. ನಾನು ಓಡಿಹೋಗಿ ಬಾಗಿಲು ಬಡಿದೆ. ತೆಗೆಯಲಿಲ್ಲ. ಕಟ್ಟೆಯ ಮೇಲೆ ಪಕ್ಕೀರಪ್ಪಣ್ಣ ಟವೆಲು ಹೆಗಲಿಗೆ ಹಾಕಿಕೊಂಡು ಕೂತಿದ್ದ.

"ಅಣ್ಣಾ, ನೀವರ ಒಂದು ಮಾತು ಹೇಳ್ರಿ."

"ಹೇಳಿದ್ನಲ್ಲ," ಎಂದ. "ಮೋಟರ್ ಅಂತ."

ನಾನು ಬಾಗಿಲ ಸಂದಿಗೆ ಬಾಯಿಟ್ಟೆ. ಪದಗಳನ್ನು ಆರಿಸಲು ಹೊತ್ತಿರಲಿಲ್ಲ, ಇದ್ದವನ್ನೇ ಹಾಕಿದೆ. "ಅಕ್ಕಾ, ಬಸ್ ಹತ್ತೂಕಿಂತ ಮೊದಲ ಒಮ್ಮೆ ನಿಮ್ಮ ಹೊಲಕ್ಕ ಬಾ. ಆಕಿ ಅಲ್ಲೇ ಅದಾಳ. ನಾ ಅಲ್ಲ. ನೋಡಿ ಹೋಗು."

ಬಾಗಿಲು ತೆರೆಯಿತು. ಹನುಮಂತಕ್ಕನ ಕೈಯಲ್ಲಿ ಎಮ್ಮೆ ಹೊಡೆಯುವ ಬಡಿಗೆಯಿತ್ತು. "ನಡಿ," ಎಂದಳು.

ನಾವಿಬ್ಬರು, ಪಕ್ಕೀರಪ್ಪಣ್ಣ, ನನ್ನ ಗಂಡ, ಹೀಗೆ ನಾಲ್ವರು ಹೊರಟೆವು. ಓಣಿ ದಾಟುವಷ್ಟರಲ್ಲಿ ಹದಿನಾಲ್ಕು ಮಂದಿಯಾದೆವು. ಖಲಂದರ ಕಂಬದಿಂದ ಇಳಿದು ಬಂದ. ಗವಿಸಿದ್ದಪ್ಪ ಉಂಡ ಕೈಯಲ್ಲೇ ಬಂದ. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ಮಾರೆಪ್ಪ, ತನ್ನ ಮರ್ಯಾದೆ ಕಳೆದವಳನ್ನು ತಾನೂ ಒಮ್ಮೆ ನೋಡಬೇಕೆಂದು ಎದ್ದು ಬಂದ. ಅತ್ತೆ ಎಲ್ಲರಿಗಿಂತ ಮುಂದಿದ್ದರು.

ಬೇವಿನ ಮರದ ಕೆಳಗೆ ಕಲ್ಲಿನ ಕಂಬಕ್ಕೆ ಡಬ್ಬಿಯಿತ್ತು. ನನ್ನ ಗಂಡ ಬಾಗಿಲು ತೆಗೆದು, ಒಳಗಿನಿಂದ ಉಗುರಿನಷ್ಟು ದೊಡ್ಡ ಕಾರ್ಡೊಂದನ್ನು ಹೊರಗೆಳೆದು ಅಂಗೈ ಮೇಲಿಟ್ಟರು.

"ಈಕೀನ್ರಿ ಅಕ್ಕಾ."

ಹನುಮಂತಕ್ಕ ಬಡಿಗೆಯನ್ನು ನೋಡಿದಳು, ಕಾರ್ಡನ್ನು ನೋಡಿದಳು. ಎರಡಕ್ಕೂ ಅಳತೆ ಹೊಂದಲಿಲ್ಲ.

ಕಾರ್ಡನ್ನು ಒಳಗೆ ಹಾಕಿ ಮತ್ತೆ ಫೋನು ಹಚ್ಚಿದರು. ನಾನು ಎಲ್ಲರಿಗೂ ಕಾಣುವಂತೆ ಬಾಯಿ ಬಿಗಿಹಿಡಿದು ನಿಂತೆ. "ಊಟ ಆತೇನ್ರಿ?" ಎಂದಿತು ಮೊಬೈಲು. ಉಳಿದ ಹದಿಮೂರು ಮಂದಿ ನನ್ನ ತುಟಿ ನೋಡಿದರು. ತುಟಿ ಅಲುಗಲಿಲ್ಲ. ಜನರ ನಡುವಿನಿಂದ ಗವಿಸಿದ್ದಪ್ಪ, "ಆತವಾ," ಎಂದ.

"ಇದರಾಗ ನೀ ಹೆಂಗ ಹೊಕ್ಕಿ?" ಎಂದು ಹನುಮಂತಕ್ಕ ಮೆಲ್ಲಗೆ ಕೇಳಿದಳು.

"ಧ್ವನಿ ಅಷ್ಟ ಅಕ್ಕಾ. ಕೌದಿ ಹೊತ್ತು ಕುಂತು ಮಾತಾಡೀನಿ. ಹೇಳಬೇಕಂತ ಮಾಡಿದ್ದೆ, ಅಂಜಿಕಿ ಬಂತು."

ಅತ್ತೆ ನನ್ನ ಕಡೆ ತಿರುಗಿದರು. ಈಗ ನನ್ನ ಕಥೆ ಮುಗಿಯಿತು ಎಂದುಕೊಂಡೆ. "ಮನ್ಯಾಗ ಯಾಕ ಹಂಗ ಮಾತಾಡಂಗಿಲ್ಲ ನೀ?" ಎಂದರು, ಅಷ್ಟೆ.

ಹನುಮಂತಕ್ಕ ನನ್ನನ್ನು ಬಿಟ್ಟು ಗಂಡನನ್ನು ಹಿಡಿದಳು. "ಹಂಗಾರ ನೀ 'ನಿಮ್ದು?' ಅಂದದ್ದು ಈ ಡಬ್ಬಿಗೇನು?"

ಪಕ್ಕೀರಪ್ಪಣ್ಣ ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. "ಕೇಳಿದ್ರ ತಿರುಗಿ ಕೇಳಬೇಕಲ್ಲ."

"ಮತ್ತ ನಾ ದಿನಾ ಕೇಳತೀನಿ! ಉಣ್ಣತೀಯೇನು, ಉಣ್ಣತೀಯೇನು ಅಂತ. ನನಗ್ಯಾಕ ತಿರುಗಿ ಕೇಳಿಲ್ಲ?"

ಇಡೀ ಹೊಲ ಉತ್ತರಕ್ಕೆ ಕಾಯಿತು. ಪಕ್ಕೀರಪ್ಪಣ್ಣ ಬೋರಿನ ಪೈಪು ನೋಡಿದ, ಬೇವಿನ ಮರ ನೋಡಿದ. ಅವನು ಯೋಚಿಸುತ್ತಿದ್ದುದು ನೆಪವನ್ನಲ್ಲ, ನಿಜವಾದ ಕಾರಣವನ್ನು. ಅದು ಅವನಿಗೂ ಆಗಲೇ ಹೊಳೆಯಿತೆಂದು ಕಾಣುತ್ತದೆ.

"ಆಕಿ ಕೇಳಿ ನಿಲ್ಲತಾಳ," ಎಂದ. "ನೀ ಕೇಳತಿ, ಒಳಗ ಹೋಗತಿ. ನಾ ಬಾಯಿ ತಗಿಯೂದ್ರಾಗ ನೀ ಇರಂಗಿಲ್ಲ."

"ನಾ ನಿಂತ್ರ ಒಲಿ ಮ್ಯಾಲಿನ ರೊಟ್ಟಿ ಹೊತ್ತತೈತಿ!" ಎಂದಳು ಹನುಮಂತಕ್ಕ.

ಮೊದಲು ನಕ್ಕವನು ಖಲಂದರ. ಆಮೇಲೆ ಮಾರೆಪ್ಪ, ಆಮೇಲೆ ಅತ್ತೆ. ಹನುಮಂತಕ್ಕ ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಬಡಿಗೆಗೆ ಗಲ್ಲ ಊರಿ, ತುಟಿ ಕಚ್ಚಿ, ಕಡೆಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತು ನಕ್ಕಳು. ನಗುವಿನ ನಡುವೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ರಸ್ತೆಯಲ್ಲಿ ಕುಷ್ಟಗಿಯ ಬಸ್ಸು ಹಾರ್ನು ಹಾಕುತ್ತ ದಾಟಿಹೋಯಿತು. ಯಾರೂ ಅದರ ಕಡೆ ತಿರುಗಲಿಲ್ಲ.

ಸುದ್ದಿ ಗಂಗಾವತಿಗೆ ಮುಟ್ಟಿತು. ಪ್ರವೀಣಕುಮಾರರು ಲ್ಯಾಪ್‌ಟಾಪು ಹಿಡಿದು ಬಂದು ನಮ್ಮ ಪಡಸಾಲೆಯಲ್ಲಿ ಕೂತರು.

"ಕಳಕೇಶ್, ನೀವು ಯೂಸರ್ ಯಾರಂತನ ನೋಡಿಲ್ಲ. ರಾತ್ರಿ ಫೋನ್ ಎತ್ತೋರು ಯಾರ್ರಿ?"

"ಗಂಡಸ್ರ, ಮತ್ಯಾರು?" ಎಂದರು ನನ್ನ ಗಂಡ.

"ಗಂಡಸ್ರು ಗೊರಕಿ ಹೊಡೀತಾರ," ಎಂದರು ಅತ್ತೆ ಒಳಗಿನಿಂದ. "ಎದ್ದು ಎತ್ತೋರು ನಾವು."

ತರಬೇತಿ ಕೊಟ್ಟವರು ಅದನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡರು, ಪಡೆದವರು ರಟ್ಟಿನ ಮೇಲೆ. ಅಂದಿನಿಂದ ಡಬ್ಬಿಗಳಲ್ಲಿ ಹೆಂಗಸರ ನಂಬರುಗಳೇ ಬಂದವು. ಆದರೆ ಮಾತು ಬದಲಾಗಬೇಕು ಎಂದು ಪ್ರವೀಣಕುಮಾರರು ಪಟ್ಟುಹಿಡಿದರು. ನಮಸ್ಕಾರ ಬೇಡ, ಊಟ ಬೇಡ, ಮೈಯಂತೂ ಬೇಡವೇ ಬೇಡ. "ಕರೆಂಟ್ ಬಂದೈತಿ. ಚಾಲೂ ಒಂದು, ಬಂದ್ ಎರಡು" ಎಂದು ತಮ್ಮದೇ ಧ್ವನಿಯಲ್ಲಿ ಹೊಸ ಕಾರ್ಡುಗಳನ್ನು ಮಾಡಿ, ಗುರುತಿಗೆ ಒಂದೊಂದಕ್ಕೂ ಹಸಿರು ಚುಕ್ಕೆ ಇಟ್ಟು ಕೊಟ್ಟುಹೋದರು. ನನ್ನ ಗಂಡ ಕಾರ್ಡುಗಳನ್ನು ತೆಗೆದುಕೊಂಡರು. ಅಂದು ಅವರು ರಾತ್ರಿ ಸರಿಯಾಗಿ ಉಣ್ಣಲಿಲ್ಲ. ನಾನು ಕೇಳಿದೆ, ಕೇಳಿ ನಿಂತೆ. "ನಾ ಛಲೋ ಮಾಡಿದ್ದೆ ಅಂತ ತಿಳಿದಿದ್ದೆ ಗೀತಾ," ಎಂದರು.

ಮರುದಿನ ಬೈಕಿನಲ್ಲಿ ಹೊಲದಿಂದ ಹೊಲಕ್ಕೆ ಹೋಗಿ ಕಾರ್ಡು ಬದಲಿಸಿದೆವು. ಲೆಕ್ಕ ತಪ್ಪದಿರಲೆಂದು ನಾನೂ ಹೋಗಿದ್ದೆ. ಕೊನೆಯದು ಪಕ್ಕೀರಪ್ಪಣ್ಣನ ಹೊಲ. ಹನುಮಂತಕ್ಕ ಮೆಣಸಿನ ಗಿಡದಲ್ಲಿ ಕಳೆ ತೆಗೆಯುತ್ತಿದ್ದಳು. ನಮ್ಮನ್ನು ಕಂಡು ಸೊಂಟ ನೆಟ್ಟಗೆ ಮಾಡಿದಳು.

"ಹೊಸಾದು ಊಟ ಕೇಳಂಗಿಲ್ಲೇನು?"

"ಕೇಳಂಗಿಲ್ರಿ ಅಕ್ಕಾ. ಕಂಪನಿಯವ್ರು ಬ್ಯಾಡ ಅಂದಾರ."

"ಹೂಂ," ಎಂದಳು. ಸ್ವಲ್ಪ ಹೊತ್ತು ಕುರ್ಪಿಯ ಮಣ್ಣು ಕೆರೆದಳು. "ಛಲೋ ಆತು ಬಿಡು. ಸಣ್ಣ ತ್ರಾಸ ಕೊಟ್ಟಳೇನು ಆಕಿ? ನಿನ್ನಿ ರಾತ್ರಿ ಸೈತ ಕೇಳಿದ್ಲು. ಆತವಾ, ರೊಟ್ಟಿ, ಹೆಸರಕಾಳ ಪಲ್ಯ ಅಂತ ಹೇಳೀನಿ. ಹುಚ್ಚೀನ ನಾ." ನನ್ನ ಕಡೆ ನೋಡದೆ ಮತ್ತೆ ಸಾಲಿಗೆ ಬಾಗಿದಳು.

ನನ್ನ ಗಂಡ ಡಬ್ಬಿ ತೆರೆದರು. ಹಳೆಯ ಕಾರ್ಡು ತೆಗೆದು ಅಂಗೈ ಮೇಲಿಟ್ಟುಕೊಂಡರು. ಜೇಬಿನಿಂದ ಹೊಸದನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. ಎರಡನ್ನೂ ನೋಡಿದರು. ಬೆನ್ನು ನನ್ನ ಕಡೆ ಮಾಡಿ ಒಂದನ್ನು ಒಳಗೆ ತಳ್ಳಿದರು, ಇನ್ನೊಂದನ್ನು ಜೇಬಿಗೆ ಹಾಕಿಕೊಂಡರು, ಡಬ್ಬಿ ಮುಚ್ಚಿದರು.

"ಆತ್ರಿ ಅಕ್ಕಾ! ಬದಲಿ ಮಾಡೀನಿ!" ಎಂದು ಬೇಕಾದದ್ದಕ್ಕಿಂತ ಜೋರಾಗಿ ಕೂಗಿದರು.

ಅವರ ಅಂಗಿಯ ಜೇಬು ತೆಳುಬಟ್ಟೆಯದು. ಬೈಕಿನ ಹತ್ತಿರ ಬಂದಾಗ ಅದರೊಳಗೆ ಹಸಿರು ಚುಕ್ಕೆ ಕಂಡಿತು.

ತಪ್ಪುವುದು ಅವರಿಗೆ ಹೊಸದಲ್ಲ. ಕುಷ್ಟಗಿಯ ಬದಲು ಯಲಬುರ್ಗಾಕ್ಕೆ ಹೋದವರು, ಎರಡು ಕಾರ್ಡು ಅದಲುಬದಲಾಗುವುದು ದೊಡ್ಡದೇ? ಬಾಯಿ ತೆರೆದೆ. ಅವರು ಕಿಕ್ ಹೊಡೆಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದರು. ಅವರ ಕಿವಿ ಕೆಂಪಾಗಿದ್ದವು.

"ಏನು?"

"ಏನಿಲ್ರಿ. ನಡೀರಿ."

ಅದು ಮರೆವೋ, ಮನಸೋ ಎಂದು ನಾನು ಕೇಳಲಿಲ್ಲ. ಕೇಳಿದರೆ ಅವರು ಗಾಬರಿಯಾಗಿ ಸರಿಪಡಿಸಿಬಿಡುತ್ತಿದ್ದರು. ಬೈಕಿನ ಹಿಂದೆ ಕೂತು ಹೆಗಲು ಹಿಡಿದುಕೊಂಡೆ. ಪ್ರವೀಣಕುಮಾರರಿಗೆ ಹೇಳಬಾರದು, ಅತ್ತೆಗೆ ಹೇಳಬಾರದು, ಹನುಮಂತಕ್ಕನಿಗಂತೂ ಹೇಳಲೇಬಾರದು, ಅವಳಿಗೆ ತಾನಾಗಿಯೇ ತಿಳಿಯುತ್ತದೆ. ಅಂಗಿ ಒಗೆಯುವಾಗ ಆ ಹಸಿರು ಚುಕ್ಕೆಯ ಕಾರ್ಡು ಸಿಕ್ಕರೆ ಅದನ್ನು ಎಲ್ಲಿಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಅದನ್ನೂ ಯಾರಿಗೂ ಹೇಳಬಾರದೆಂದು ನಿರ್ಧರಿಸಿದೆ, ಜೇಬಿನಲ್ಲಿ ಅದನ್ನು ಹೊತ್ತು ಬೈಕು ಓಡಿಸುತ್ತಿದ್ದವರಿಗೂ.